ಒಂದೇ ಪ್ರಶ್ನೆ, 150 ಊರುಗಳ ಉತ್ತರ: ಆಸ್ಟ್ರೇಲಿಯಾದ ಸಲಿಂಗ ವಿವಾಹ ಸಮೀಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಲಿಂಗ ವಿವಾಹವನ್ನು ಒಂದು ಪ್ರದೇಶ ಒಪ್ಪುವುದು, ಇನ್ನೊಂದು ಒಪ್ಪದಿರುವುದು ಏತಕ್ಕೆ ಎಂಬ ಚರ್ಚೆಯಲ್ಲಿ ಊಹೆಗಳಿಗೆ ಬರವಿಲ್ಲ, ಅಂಕಿಅಂಶಗಳಿಗೇ ಬರ. ಆಸ್ಟ್ರೇಲಿಯಾ ಈ ಮಾತಿಗೆ ಅಪವಾದ. 2017ರಲ್ಲಿ ಅಲ್ಲಿನ ಸರ್ಕಾರ ಪ್ರತಿಯೊಬ್ಬ ಮತದಾರರ ವಿಳಾಸಕ್ಕೂ ಒಂದು ಪ್ರಶ್ನೆ ಕಳುಹಿಸಿ, ಬಂದ ಉತ್ತರಗಳನ್ನು ಸಂಸತ್ತಿನ ಕೆಳಮನೆಯ ಎಲ್ಲ 150 ಕ್ಷೇತ್ರಗಳಿಗೂ ಬಿಡಿಬಿಡಿಯಾಗಿ ಪ್ರಕಟಿಸಿತು. ಆ ಪಟ್ಟಿಯನ್ನು ಓದಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಂಟರಿಷ್ಟರಿರುವ ಕನ್ನಡಿಗರು ಕೇಳುವ ಒಂದೆರಡು ಪ್ರಶ್ನೆಗಳೂ ಸೇರಿವೆ.

2017ರಲ್ಲಿ ನಡೆದದ್ದು ಚುನಾವಣೆಯೇ, ಜನಮತಗಣನೆಯೇ?

ಎರಡೂ ಅಲ್ಲ. ಅದು ಅಂಚೆ ಸಮೀಕ್ಷೆ. ಇದರ ಹಿನ್ನೆಲೆ ಸ್ವಲ್ಪ ಸಿಕ್ಕುಸಿಕ್ಕಾಗಿದೆ. 2004ರಲ್ಲಿ ಜಾನ್ ಹೊವಾರ್ಡ್ ಸರ್ಕಾರ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು, ಮದುವೆ ಎಂದರೆ ಒಂದು ಗಂಡು ಮತ್ತು ಒಂದು ಹೆಣ್ಣಿನ ನಡುವಿನದು ಎಂದು ಬರೆಸಿತು. 2013ರಲ್ಲಿ ರಾಜಧಾನಿ ಪ್ರದೇಶವಾದ ಕ್ಯಾನ್‌ಬೆರಾ ತನ್ನದೇ ಕಾನೂನು ಮಾಡಿ ಸಲಿಂಗ ವಿವಾಹಕ್ಕೆ ದಾರಿ ತೆರೆಯಿತು. ಆದರೆ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್, ಮದುವೆಯ ವಿಷಯ ಕೇಂದ್ರ ಸಂಸತ್ತಿಗೆ ಸೇರಿದ್ದೆಂದು ಡಿಸೆಂಬರ್ 12ರಂದು ಅದನ್ನು ರದ್ದುಮಾಡಿತು. ಕಾನೂನು ಜಾರಿಯಲ್ಲಿದ್ದ ಕೆಲವೇ ದಿನಗಳಲ್ಲಿ ಮದುವೆಯಾದ ಜೋಡಿಗಳು ಮತ್ತೆ ಅವಿವಾಹಿತರಾದರು.

ಮುಂದೆ ಬಲಪಂಥೀಯ ಲಿಬರಲ್ ಮತ್ತು ನ್ಯಾಷನಲ್ ಪಕ್ಷಗಳ ಮೈತ್ರಿ ಸರ್ಕಾರ ಜನಾಭಿಪ್ರಾಯ ಸಂಗ್ರಹಕ್ಕೆ ಹೊರಟಾಗ ಸೆನೆಟ್ ಅಡ್ಡಗಾಲು ಹಾಕಿತು. ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಆಗ ಬಳಸುದಾರಿ ಹಿಡಿದು, ಜನಗಣತಿ ಮಾಡುವ ಅಂಕಿಅಂಶ ಇಲಾಖೆಗೆ ಈ ಕೆಲಸ ವಹಿಸಿದರು. ಸೆಪ್ಟೆಂಬರ್ 12ರಿಂದ ನವೆಂಬರ್ 7ರವರೆಗೆ ಸಮೀಕ್ಷೆ ನಡೆಯಿತು. ಮನೆಗೆ ಬಂದ ಲಕೋಟೆಯಲ್ಲಿ ಒಂದು ಹಾಳೆ, ಅದರ ಮೇಲೊಂದು ಬಾರ್‌ಕೋಡ್, ಮರಳಿ ಕಳುಹಿಸಲು ಅಂಚೆ ವೆಚ್ಚ ತೆತ್ತ ಇನ್ನೊಂದು ಲಕೋಟೆ. ಸಲಿಂಗ ಜೋಡಿಗಳು ಮದುವೆಯಾಗಲು ಅನುವಾಗುವಂತೆ ಕಾನೂನನ್ನು ಬದಲಿಸಬೇಕೇ ಎಂಬುದು ಪ್ರಶ್ನೆ. ಹೌದು, ಇಲ್ಲ ಎಂದು ಎರಡು ಚೌಕ. ಮತದಾನ ಕಡ್ಡಾಯವಾಗಿರುವ ಆ ದೇಶದಲ್ಲಿ ಈ ಹಾಳೆಯನ್ನು ತುಂಬುವುದು ಮಾತ್ರ ಐಚ್ಛಿಕವಾಗಿತ್ತು.

ಫಲಿತಾಂಶ ಏನು?

1.27 ಕೋಟಿ ಜನ, ಎಂದರೆ ಅರ್ಹರಲ್ಲಿ ಶೇ 79.5ರಷ್ಟು ಮಂದಿ, ಹಾಳೆ ತುಂಬಿ ಕಳುಹಿಸಿದರು. ಶೇ 61.6 ಹೌದು, ಶೇ 38.4 ಇಲ್ಲ. ಎಲ್ಲ ರಾಜ್ಯಗಳಲ್ಲೂ ಹೌದಿಗೇ ಬಹುಮತ. ಕ್ಯಾನ್‌ಬೆರಾ ಪ್ರದೇಶ ಶೇ 74ರೊಂದಿಗೆ ಮುಂದಿತ್ತು. ಸಿಡ್ನಿಯನ್ನು ಒಡಲಲ್ಲಿಟ್ಟುಕೊಂಡ ನ್ಯೂ ಸೌತ್ ವೇಲ್ಸ್ ಶೇ 57.8ರೊಂದಿಗೆ ಎಲ್ಲಕ್ಕಿಂತ ಹಿಂದಿತ್ತು. ಜಗತ್ತಿಗೇ ಗೊತ್ತಿರುವ, ಸಲಿಂಗಿಗಳ ಮಾರ್ಡಿ ಗ್ರಾ ಮೆರವಣಿಗೆ ಹೊರಡುವ ರಾಜ್ಯವೇ ಕೊನೆಯ ಸ್ಥಾನದಲ್ಲಿದ್ದದ್ದು ಅನೇಕರಿಗೆ ಅಚ್ಚರಿ ತಂದಿತು. ಕ್ಷೇತ್ರವಾರು ಪಟ್ಟಿ ನೋಡಿದರೆ ಅಚ್ಚರಿ ಉಳಿಯುವುದಿಲ್ಲ.

"ಇಲ್ಲ" ಎಂದ ಕ್ಷೇತ್ರಗಳು ಯಾವುವು?

150ರಲ್ಲಿ 17. ಅವುಗಳಲ್ಲಿ ಮೂರು ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನವು: ಮಾರನೋವಾ, ಕೆನಡಿ, ಗ್ರೂಮ್. ಎರಡು ಮೆಲ್ಬರ್ನ್ ಹೊರವಲಯದವು: ಕಾಲ್ವೆಲ್ ಮತ್ತು ಬ್ರೂಸ್. ಉಳಿದ ಹನ್ನೆರಡೂ ಸಿಡ್ನಿಯವು, ಬಹುಪಾಲು ಅದರ ಪಶ್ಚಿಮ ಮತ್ತು ನೈಋತ್ಯ ಭಾಗದವು. ಬ್ಲಾಕ್ಸ್‌ಲ್ಯಾಂಡ್‌ನಲ್ಲಿ ಶೇ 73.9ರಷ್ಟು ಮಂದಿ, ವಾಟ್ಸನ್‌ನಲ್ಲಿ ಶೇ 69.6ರಷ್ಟು ಮಂದಿ ಇಲ್ಲ ಎಂದರು. ಭಾರತೀಯರು ದಟ್ಟವಾಗಿ ನೆಲೆಸಿರುವ ಪ್ಯಾರಮ್ಯಾಟದಲ್ಲಿ ಶೇ 61.6 ಇಲ್ಲ. ದೇಶದ ಒಟ್ಟು ಫಲಿತಾಂಶವನ್ನು ಬುಡಮೇಲು ಮಾಡಿಟ್ಟಂತೆ!

ಅದೇ ಸಿಡ್ನಿಯ ನಡುಭಾಗದ ಕ್ಷೇತ್ರದಲ್ಲಿ ಹೌದಿನ ಪ್ರಮಾಣ ಶೇ 83.7. ಅಲ್ಲಿಂದ ಪ್ಯಾರಮ್ಯಾಟಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹೀಗಾಗಿ ಪ್ರದೇಶ ಎಂದಾಗ ರಾಜ್ಯವನ್ನೋ ಜಿಲ್ಲೆಯನ್ನೋ ನೆನೆಯುವುದಕ್ಕಿಂತ ಬಡಾವಣೆಯನ್ನು ನೆನೆಯುವುದು ಲೇಸು.

ಪಶ್ಚಿಮ ಸಿಡ್ನಿ ಲೇಬರ್ ಪಕ್ಷದ ಭದ್ರಕೋಟೆ. ಸುಧಾರಣೆಯ ಪರವಾಗಿದ್ದ ಪಕ್ಷದ ಮತದಾರರೇ ಇಲ್ಲ ಎಂದದ್ದು ಹೇಗೆ?

ಪಕ್ಷದ ಬಣ್ಣದಿಂದ ಈ ನಕ್ಷೆಯನ್ನು ಓದಲು ಹೋದವರೆಲ್ಲ ಎಡವಿದ್ದಾರೆ. ಸಲಿಂಗ ವಿವಾಹದ ಕಟ್ಟಾ ವಿರೋಧಿ, ಮಾಜಿ ಪ್ರಧಾನಿ ಟೋನಿ ಅಬಟ್ ಅವರ ವಾರಿಂಗಾ ಕ್ಷೇತ್ರದಲ್ಲಿ ಶೇ 75ರಷ್ಟು ಜನ ಹೌದೆಂದರು. ಅದು ಸಿಡ್ನಿಯ ಕಡಲಂಚಿನ, ಹಣವಂತರ ಪ್ರದೇಶ. ದಶಕಗಳಿಂದ ಲಿಬರಲ್ ಪಕ್ಷದ ಜೇಬಿನಲ್ಲಿದ್ದದ್ದು. ಇತ್ತ ಬ್ಲಾಕ್ಸ್‌ಲ್ಯಾಂಡ್‌ನ ಜೇಸನ್ ಕ್ಲೇರ್, ವಾಟ್ಸನ್‌ನ ಟೋನಿ ಬರ್ಕ್, ಮೆಕ್‌ಮಾಹನ್‌ನ ಕ್ರಿಸ್ ಬೋವೆನ್, ಎಲ್ಲರೂ ಲೇಬರ್ ನಾಯಕರು, ಎಲ್ಲರೂ ಹೌದಿನ ಪರ. ಅವರ ಮತದಾರರು ಮಾತ್ರ ವಿರುದ್ಧ ದಿಕ್ಕಿನಲ್ಲಿದ್ದರು.

ಕೂಲಿ, ಆಸ್ಪತ್ರೆ, ಶಾಲೆ, ವೀಸಾ ಇವುಗಳ ಲೆಕ್ಕ ಹಾಕಿ ಜನ ಪಕ್ಷವನ್ನು ಆರಿಸುತ್ತಾರೆ. ಮದುವೆಯ ಬಗೆಗಿನ ಅಭಿಪ್ರಾಯ ಹುಟ್ಟುವುದು ಬೇರೆ ಕಡೆ: ಮನೆಯಲ್ಲಿ, ಮಸೀದಿಯಲ್ಲಿ, ಇಗರ್ಜಿಯಲ್ಲಿ, ನೆಂಟರ ಮದುವೆಯ ಊಟದ ಸಾಲಿನಲ್ಲಿ. ಲಂಡನ್ನಿನಲ್ಲಿ ಲೇಬರ್‌ಗೆ, ಅಮೆರಿಕದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುತ್ತ, ಊರಿನಲ್ಲಿ ಜಾತಕ ಕೂಡಿಬಂದರೆ ಮಾತ್ರ ಮಗಳನ್ನು ಕೊಡುವ ನಮ್ಮವರನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ.

ವಲಸಿಗರು ಹೆಚ್ಚಿರುವ ಕಡೆ ವಿರೋಧ ಹೆಚ್ಚು ಎಂದು ನೇರವಾಗಿ ಹೇಳಬಾರದೇಕೆ?

ಹಾಗೆ ಹೇಳಿದವರು ಬಹಳ. ಫಲಿತಾಂಶ ಬಂದ ನವೆಂಬರ್ 15ರ ಸಂಜೆಯೊಳಗೇ ಈ ತೀರ್ಮಾನ ಟೀವಿಯಲ್ಲಿ ಗಟ್ಟಿಯಾಗಿತ್ತು. ಅದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಸೋಮಾರಿತನ.

ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳ ನಡುಭಾಗದಲ್ಲೂ ಹೊರದೇಶದಲ್ಲಿ ಹುಟ್ಟಿದವರು ತುಂಬಿದ್ದಾರೆ, ಆದರೂ ಹೌದಿನ ಪ್ರಮಾಣ ದೇಶದಲ್ಲೇ ಅತಿ ಹೆಚ್ಚು ದಾಖಲಾದದ್ದು ಅಲ್ಲೇ. ಚೀನೀ ಮೂಲದವರ ಉದಾಹರಣೆ ಇನ್ನೂ ಸ್ಪಷ್ಟ. ಸಿಡ್ನಿಯ ಬೆನೆಲಾಂಗ್ ಕ್ಷೇತ್ರದಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿ ಇಲ್ಲ ಎಂಬುದು ಕೂದಲೆಳೆಯಲ್ಲಿ ಗೆದ್ದಿತು, ಶೇ 50.2. ಮೆಲ್ಬರ್ನ್‌ನ ಚಿಶಮ್ ಕ್ಷೇತ್ರದಲ್ಲೂ ಅವರ ಸಂಖ್ಯೆ ದೊಡ್ಡದೇ. ಅಲ್ಲಿ ಹೌದು ಶೇ 60 ದಾಟಿತು. ಒಂದೇ ಮೂಲದ ಜನ, ಎರಡು ನಗರ, ಎರಡು ಉತ್ತರ. ಹಾಗಾದರೆ ಊರಿನ ವಾತಾವರಣವೂ ಏನನ್ನೋ ಮಾಡುತ್ತಿದೆ ಎಂದಾಯಿತು.

ಮತ್ತೆ, ಮಾರನೋವಾದಲ್ಲಿ ವಲಸಿಗರು ಬೆರಳೆಣಿಕೆಯಷ್ಟು. ಸಿಡ್ನಿಯ ಹಿಲ್ಸ್ ಪ್ರದೇಶದ ಮಿಚೆಲ್ ಕ್ಷೇತ್ರ ಬಡವರದಲ್ಲ, ಲೇಬರ್‌ನದೂ ಅಲ್ಲ. ದೊಡ್ಡ ಮನೆಗಳ, ಲಿಬರಲ್ ಪಕ್ಷದ, ಚರ್ಚುಗಳಿಗೆ ಹೆಸರಾದ ಸೀಮೆ. ಅಲ್ಲೂ ಇಲ್ಲ ಎಂಬುದೇ ಗೆದ್ದಿತು, ಶೇ 50.9. ಈ ಕ್ಷೇತ್ರಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುವುದಾದರೆ ಆ ದಾರ ವಲಸೆಯದಲ್ಲ.

ಅದು ಧರ್ಮದ ದಾರವೇ?

ಬಹುಮಟ್ಟಿಗೆ ಹೌದು. ಆದರೆ ಯಾವ ಧರ್ಮ ಎನ್ನುವುದಕ್ಕಿಂತ, ಧರ್ಮಸಂಸ್ಥೆ ವಾರವಾರದ ಬದುಕಿನಲ್ಲಿ ಎಷ್ಟು ಹಾಸುಹೊಕ್ಕಾಗಿದೆ ಎನ್ನುವುದೇ ಮುಖ್ಯ ಎಂದು ನನಗೆ ತೋರುತ್ತದೆ.

ಬ್ಯಾಂಕ್ಸ್‌ಟೌನ್, ಆಬರ್ನ್‌ಗಳನ್ನು ಒಳಗೊಂಡ ಬ್ಲಾಕ್ಸ್‌ಲ್ಯಾಂಡ್‌ನಲ್ಲಿ 2016ರ ಜನಗಣತಿಯ ಪ್ರಕಾರ ಕಾಲು ಭಾಗಕ್ಕೂ ಹೆಚ್ಚು ಮಂದಿ ಮುಸ್ಲಿಮರು. ದೇಶದ ಸರಾಸರಿ ಶೇ 2.6 ಮಾತ್ರ. ಫೇರ್‌ಫೀಲ್ಡ್ ಸುತ್ತಲಿನ ಮೆಕ್‌ಮಾಹನ್‌ನಲ್ಲಿ ಇರಾಕಿನಿಂದ ಬಂದ ಅಸ್ಸೀರಿಯನ್ ಮತ್ತು ಕಾಲ್ಡಿಯನ್ ಕ್ರೈಸ್ತರಿದ್ದಾರೆ. ಫೌಲರ್ ಕ್ಷೇತ್ರದ ಕ್ಯಾಬ್ರಮಾಟಾದಲ್ಲಿ ವಿಯೆಟ್ನಾಮಿನ ಬೌದ್ಧರೂ ಕ್ಯಾಥೊಲಿಕರೂ ಇದ್ದಾರೆ. ನಂಬಿಕೆಗಳು ಬೇರೆಬೇರೆ, ಆದರೆ ಬದುಕಿನ ಕಟ್ಟು ಹೆಚ್ಚುಕಡಿಮೆ ಒಂದೇ. ಯುದ್ಧದಿಂದಲೋ ಬಡತನದಿಂದಲೋ ಬೇರು ಕಿತ್ತು ಬಂದವರಿಗೆ ಇಗರ್ಜಿ, ಮಸೀದಿ, ದೇವಾಲಯಗಳೇ ಮೊದಲ ಆಸರೆ. ಬಾಡಿಗೆ ಮನೆ, ಕೆಲಸ, ಮಕ್ಕಳಿಗೆ ಗಂಡು ಹೆಣ್ಣು, ಎಲ್ಲವೂ ಅಲ್ಲಿಂದಲೇ ಕುದುರುತ್ತವೆ. ಅಂಥ ಸಂಸ್ಥೆಯ ಮಾತಿಗೆ ಎದುರಾಡುವುದು ಸುಲಭವಲ್ಲ, ಏಕೆಂದರೆ ಕಳೆದುಕೊಳ್ಳುವುದು ಬಹಳವಿರುತ್ತದೆ.

ಸಿಡ್ನಿಯ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಅಲ್ಲಿನ ಆಂಗ್ಲಿಕನ್ ಧರ್ಮಪ್ರಾಂತ ಬಹಳ ಸಂಪ್ರದಾಯನಿಷ್ಠವಾದದ್ದು. ಇಲ್ಲ ಎನ್ನುವವರ ಪ್ರಚಾರಕ್ಕೆ ಅದು 10 ಲಕ್ಷ ಡಾಲರ್ ಕೊಟ್ಟಿತು. ಎದುರು ಪಾಳೆಯದಲ್ಲಿ ಕ್ವಾಂಟಾಸ್ ವಿಮಾನ ಸಂಸ್ಥೆಯ ಮುಖ್ಯಸ್ಥ ಅಲನ್ ಜಾಯ್ಸ್ ತಮ್ಮ ಕಿಸೆಯಿಂದ ಅಷ್ಟೇ ಮೊತ್ತವನ್ನು ಕೊಟ್ಟರು ಎಂಬುದನ್ನೂ ಹೇಳಬೇಕು.

ಹಾಗಿದ್ದರೂ ದೇಶ ಒಟ್ಟಾರೆ ಹೌದು ಎಂದದ್ದು ಏಕೆ?

ಮದುವೆ ಅಲ್ಲಿ ಆ ಹೊತ್ತಿಗಾಗಲೇ ಇಗರ್ಜಿಯಿಂದ ಹೊರಗೆ ಬಂದಿತ್ತು. 1973ರಲ್ಲಿ ಅಟಾರ್ನಿ ಜನರಲ್ ಲಯೊನೆಲ್ ಮರ್ಫಿ ಅವರು ಪಾದ್ರಿಯೂ ಅಲ್ಲದ, ಸರ್ಕಾರಿ ನೌಕರರೂ ಅಲ್ಲದ ಸಾಮಾನ್ಯರಿಗೆ ಮದುವೆ ನಡೆಸಿಕೊಡುವ ಅಧಿಕಾರ ಕೊಡತೊಡಗಿದರು. ಇವರನ್ನು ಅಲ್ಲಿ ಸೆಲೆಬ್ರಂಟ್ ಎಂದು ಕರೆಯುತ್ತಾರೆ. ಕಡಲ ದಂಡೆಯಲ್ಲಿ, ದ್ರಾಕ್ಷಿ ತೋಟದಲ್ಲಿ, ಮನೆಯ ಹಿತ್ತಿಲಲ್ಲಿ, ವಧೂವರರು ತಾವೇ ಬರೆದುಕೊಂಡ ಮಾತುಗಳನ್ನು ಆಡಿ ಮದುವೆಯಾಗಬಹುದು. 2016ರ ಹೊತ್ತಿಗೆ ನಾಲ್ಕರಲ್ಲಿ ಮೂರು ಮದುವೆಗಳನ್ನು ಇಂಥವರೇ ನಡೆಸುತ್ತಿದ್ದರು. ಅದೇ ವರ್ಷದ ಜನಗಣತಿಯಲ್ಲಿ ಶೇ 30ರಷ್ಟು ಮಂದಿ ತಮಗೆ ಧರ್ಮವಿಲ್ಲವೆಂದು ಬರೆಸಿದರು.

ಇದರ ಪರಿಣಾಮ ಸಣ್ಣದಲ್ಲ. ಮದುವೆ ಎಂದರೆ ಇಬ್ಬರ ಮಾತು, ಇಬ್ಬರ ಆಯ್ಕೆ ಎಂದು ಎರಡು ತಲೆಮಾರು ಬದುಕಿದ ಮೇಲೆ, ಆ ಇಬ್ಬರು ಯಾರು ಎಂಬುದು ಮೂರನೆಯವರ ತಲೆನೋವಾಗಿ ಉಳಿಯುವುದಿಲ್ಲ. ಮದುವೆ ಎಂದರೆ ಎರಡು ಮನೆತನಗಳ ಕೊಡುಕೊಳ್ಳುವಿಕೆ, ವಂಶ, ಆಸ್ತಿ, ಮುಪ್ಪಿನ ಆಸರೆ ಎಂದಿರುವಲ್ಲಿ ಲೆಕ್ಕವೇ ಬೇರೆ. ಹೌದು ಮತ್ತು ಇಲ್ಲಗಳ ನಡುವಿನ ಗೆರೆ ಸಿಡ್ನಿಯಲ್ಲಿ ಹಾದುಹೋದದ್ದು ಮುಖ್ಯವಾಗಿ ಈ ಎರಡು ತಿಳಿವಳಿಕೆಗಳ ನಡುವೆ ಎಂಬುದು ನನ್ನ ನಂಬಿಕೆ. ಸಲಿಂಗಿಗಳ ಮೇಲಿನ ದ್ವೇಷವೊಂದರಿಂದಲೇ ಇದನ್ನು ವಿವರಿಸಲು ಹೊರಟರೆ ಬಹಳಷ್ಟು ಕೈತಪ್ಪಿ ಹೋಗುತ್ತದೆ. ದ್ವೇಷ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸಮೀಕ್ಷೆಯ ಅವಧಿಗೆಂದೇ ನಿಂದನೆ ಬೆದರಿಕೆಗಳ ವಿರುದ್ಧ ಸಂಸತ್ತು ತಾತ್ಕಾಲಿಕ ಕಾನೂನೊಂದನ್ನು ತರಬೇಕಾಯಿತು.

ಪ್ರಚಾರ ಎಲ್ಲ ಕಡೆ ಒಂದೇ ಹದದಲ್ಲಿ ತಲುಪಿತೇ?

ಇಲ್ಲ. ಹೌದಿನ ಪಾಳೆಯ ತನ್ನ ಬಲ ಇದ್ದ ಕಡೆ ಜನರನ್ನು ಹುರಿದುಂಬಿಸಿ ಹಾಳೆ ಅಂಚೆಗೆ ಹಾಕಿಸುವುದಕ್ಕೆ ಹೆಚ್ಚು ಗಮನ ಕೊಟ್ಟಿತು. ಸಂಖ್ಯೆಯ ದೃಷ್ಟಿಯಿಂದ ಅದು ಜಾಣತನವೇ. ಇಲ್ಲ ಎನ್ನುವವರು ಅರಬ್ಬಿ, ಚೀನೀ ಭಾಷೆಗಳ ಕರಪತ್ರ ಹಿಡಿದು ಪಶ್ಚಿಮ ಸಿಡ್ನಿಗೆ ಹೋದರು, ಚೀನೀಯರು ಬಳಸುವ ಸಂದೇಶ ಆ್ಯಪ್ ವೀಚಾಟ್ ಗುಂಪುಗಳೊಳಗೆ ಹೊಕ್ಕರು. ಮದುವೆಯ ಮಾತು ಬಿಟ್ಟು ಶಾಲೆಯ ಮಾತು ಎತ್ತಿದರು: ನಿಮ್ಮ ಮಕ್ಕಳಿಗೆ ತರಗತಿಯಲ್ಲಿ ಏನು ಕಲಿಸುತ್ತಾರೆ ಗೊತ್ತೇ ಎಂದು. ತಾಯ್ನುಡಿಯಲ್ಲಿ ಬಂದು ಮಾತಾಡಿಸಿದ್ದು ಒಂದೇ ಕಡೆಯವರಾದರೆ, ಕೇಳುವವರಿಗೆ ಆ ಒಂದೇ ಕಡೆ ಕೇಳಿಸುತ್ತದೆ.

ಅಂಚೆ ವಿಧಾನವೂ ತನ್ನ ಪಾಲಿನ ಕೆಲಸ ಮಾಡಿರಬಹುದು. ಮತಗಟ್ಟೆಯಲ್ಲಿ ಪರದೆಯ ಹಿಂದೆ ಒಬ್ಬರೇ ನಿಲ್ಲುತ್ತೇವೆ. ಇಲ್ಲಿ ನಾಲ್ಕು ಜನರ ಹೆಸರಿನ ನಾಲ್ಕು ಲಕೋಟೆಗಳು ಒಂದೇ ಅಂಚೆಪೆಟ್ಟಿಗೆಗೆ ಬಿದ್ದು, ಒಂದೇ ಊಟದ ಮೇಜಿನ ಮೇಲೆ ಬಿಚ್ಚಿಕೊಂಡವು. ಕೂಡಿಬಾಳುವ ಮನೆಯಲ್ಲಿ ಹತ್ತೊಂಬತ್ತರ ಹುಡುಗಿ ತನ್ನ ಹಾಳೆಯನ್ನು ಕೋಣೆಗೆ ಒಯ್ದು ತುಂಬಿದಳೋ, ಅಪ್ಪನ ಪೆನ್ನಿನಿಂದ ಅಪ್ಪನ ಎದುರೇ ತುಂಬಿದಳೋ ಎಂಬುದು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ.

ಅಲ್ಲಿನ ಭಾರತೀಯರು, ಅದರಲ್ಲೂ ಕನ್ನಡಿಗರು, ಯಾವ ಕಡೆ ನಿಂತರು?

ಜನಾಂಗವಾರು ಲೆಕ್ಕವನ್ನು ಇಲಾಖೆ ತೆಗೆಯಲೇ ಇಲ್ಲ. ಪ್ಯಾರಮ್ಯಾಟ, ಗ್ರೀನ್‌ವೇ ಕ್ಷೇತ್ರಗಳು ಇಲ್ಲ ಎಂದವು ನಿಜ (ಗ್ರೀನ್‌ವೇಯಲ್ಲಿ ಶೇ 53.6). ಅಲ್ಲಿನ ಬಡಾವಣೆಗಳಾದ ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್‌ಗಳಲ್ಲಿ ಇಡ್ಲಿ ಹಿಟ್ಟು ಮಾರುವ ಅಂಗಡಿಗಳು ಸಾಲುಗಟ್ಟಿವೆ ಎಂಬುದೂ ನಿಜ. ಆದರೆ ಇವೆರಡನ್ನು ಕೂಡಿಸಿ ಭಾರತೀಯರು ಇಲ್ಲ ಎಂದರು ಎನ್ನಲಾಗದು. ಹಾಳೆ ಬಂದದ್ದು ಮತದಾರರ ಪಟ್ಟಿಯಲ್ಲಿದ್ದವರಿಗೆ, ಎಂದರೆ ನಾಗರಿಕರಿಗೆ ಮಾತ್ರ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ, ಖಾಯಂ ವಾಸದ ಪರವಾನಗಿ ಹಿಡಿದಿದ್ದ ನಮ್ಮವರಿಗೆ ಲಕೋಟೆಯೇ ಬರಲಿಲ್ಲ. ಅದೇ ಕ್ಷೇತ್ರಗಳಲ್ಲಿ ಲೆಬನಾನ್, ಚೀನಾ, ಫಿಲಿಪ್ಪೀನ್ಸ್ ಮೂಲದವರೂ ಹಳೆಯ ಆಂಗ್ಲೋ ಕುಟುಂಬಗಳೂ ಇವೆ.

ಲೆಕ್ಕ ಬಿಟ್ಟು ಬದುಕಿನ ಕಡೆ ನೋಡಿದರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಹಿಂದೂ ಮನೆಗಳಲ್ಲಿ ಈ ವಿಷಯಕ್ಕೆ ಶಾಸ್ತ್ರದ ಆಧಾರ ಹುಡುಕುವವರು ಕಡಿಮೆ. ಅಲ್ಲಿ ಕೆಲಸ ಮಾಡುವುದು ಮುಜುಗರ. ಸತ್ಯನಾರಾಯಣ ಪೂಜೆಯ ಪ್ರಸಾದ ಹಂಚುವ ಹೊತ್ತಿಗೆ ಯಾರಾದರೂ ಹಿರಿಯರು, "ನಿಮ್ಮ ಮಗನಿಗೆ ಇನ್ನೂ ಸಂಬಂಧ ನೋಡುತ್ತಿಲ್ಲವೇ?" ಎಂದು ಕೇಳಿಯೇ ಕೇಳುತ್ತಾರೆ. ತಾಯಿಗೆ ವಿಷಯ ಗೊತ್ತಿರುತ್ತದೆ. "ಅವನಿಗೆ ಕೆಲಸದ್ದೇ ಗಡಿಬಿಡಿ, ಅತ್ತೆ, ಮುಂದಿನ ವರ್ಷ ನೋಡೋಣ" ಎಂದು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ನಡೆಯುತ್ತಾರೆ. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ವಿಮಾನ ಹತ್ತಿದವರ ಜೊತೆಗೇ ಬಂದಿದೆ. ಆ ನಾಲ್ಕು ಜನರಲ್ಲಿ ಇಬ್ಬರು ವೆಂಟ್‌ವರ್ತ್‌ವಿಲ್‌ನಲ್ಲಿ, ಇನ್ನಿಬ್ಬರು ಹಾಸನದಲ್ಲಿ ಇರುತ್ತಾರೆ. ಹೀಗೆ ಮನೆಯೊಳಗೆ ಇರುವುದು ಹೊರಗೆ ಕಾಣದೆ ಹೋದಾಗ, ಪಕ್ಕದ ಮನೆಯವರು ನಮ್ಮವರಲ್ಲಿ ಅಂಥವರು ಯಾರೂ ಇಲ್ಲ ಎಂದು ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಸಲಿಂಗಿಯೊಬ್ಬರ ಪರಿಚಯ ಇದ್ದವರಲ್ಲಿ ಒಪ್ಪಿಗೆ ಹೆಚ್ಚು ಎಂಬುದು ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಪರಿಚಯ ಇದ್ದೂ ಇಲ್ಲವಾಗಿಸುವ ವ್ಯವಸ್ಥೆ ನಮ್ಮದು.

ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಬಹುಮಟ್ಟಿಗೆ ಬೇರೆ ದಾರಿಯಲ್ಲಿದ್ದಾರೆ.

ಹಳ್ಳಿಗಾಡು ವಿರೋಧಿಸುತ್ತದೆ, ಪಟ್ಟಣ ಒಪ್ಪುತ್ತದೆ ಎನ್ನುವುದು ಸರಿಯೇ?

ಭಾಗಶಃ. ಮಾರನೋವಾದಲ್ಲಿ ಶೇ 56.1, ಕೆನಡಿಯಲ್ಲಿ ಶೇ 53.3 ಇಲ್ಲ. ಮಾರನೋವಾ ಸುಮಾರು 7.3 ಲಕ್ಷ ಚದರ ಕಿಲೋಮೀಟರ್ ಹರಡಿದ ಕ್ಷೇತ್ರ, ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು. ದನ ಕುರಿ ಸಾಕಣೆಯ ಸೀಮೆ. ವಯಸ್ಸಾದವರು ಹೆಚ್ಚು, ಓದಿದ ಹುಡುಗರು ಬ್ರಿಸ್ಬೇನಿಗೆ ಹೋಗಿ ಹಿಂದಿರುಗುವುದಿಲ್ಲ. ಸಲಿಂಗಿ ಯುವಕರಂತೂ ಮೊದಲ ಬಸ್ಸಿಗೇ ಹೊರಡುತ್ತಾರೆ. ಹೀಗೆ ಒಪ್ಪುವವರೂ ಒಪ್ಪಿಗೆಯ ಅಗತ್ಯ ಇದ್ದವರೂ ಒಟ್ಟಿಗೆ ಊರು ಬಿಡುವುದರಿಂದ ಊರಿನ ಅಂಕಿ ತನ್ನಷ್ಟಕ್ಕೆ ತಗ್ಗುತ್ತದೆ.

ಆದರೆ ಗ್ರೂಮ್ ಒಂದನ್ನು ಬಿಟ್ಟರೆ ಉಳಿದ ಹಳ್ಳಿಗಾಡಿನ ಕ್ಷೇತ್ರಗಳೆಲ್ಲ ಹೌದೆಂದವು. ಇಲ್ಲ ಎನ್ನುವವರ ಪರವಿದ್ದ, ಆಗ ನ್ಯಾಷನಲ್ ಪಕ್ಷದ ನಾಯಕರಾಗಿದ್ದ ಬಾರ್ನಬಿ ಜಾಯ್ಸ್ ಅವರ ನ್ಯೂ ಇಂಗ್ಲೆಂಡ್ ಕ್ಷೇತ್ರ ಕೂಡ ಶೇ 52.5ರೊಂದಿಗೆ ಹೌದೆಂದಿತು.

ಒಂದು ಪ್ರದೇಶದ ಮನಸ್ಸು ಬದಲಾಗುತ್ತದೆಯೇ? ಎಷ್ಟು ಕಾಲ ಹಿಡಿಯುತ್ತದೆ?

ಟಾಸ್ಮೇನಿಯಾವನ್ನು ನೋಡಿ. ದ್ವೀಪ ರಾಜ್ಯ, ಸಣ್ಣ ಸಣ್ಣ ಊರುಗಳು, ಎಲ್ಲರಿಗೂ ಎಲ್ಲರೂ ಗೊತ್ತು. ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ ಅಲ್ಲಿ 21 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. 1988ರಲ್ಲಿ ಅದರ ರಾಜಧಾನಿ ಹೋಬಾರ್ಟಿನ ಸಾಲಮಂಕಾ ಸಂತೆಯಲ್ಲಿ ಸಲಿಂಗಿಗಳ ಹಕ್ಕಿನ ಗುಂಪೊಂದು ಮೇಜು ಹಾಕಿ, ಕಾನೂನು ಬದಲಿಸಿ ಎಂಬ ಮನವಿಗೆ ಸಹಿ ಸಂಗ್ರಹಿಸತೊಡಗಿತು. ನಗರಸಭೆ ಆ ಮೇಜನ್ನು ನಿಷೇಧಿಸಿತು. ಅವರು ಶನಿವಾರ ಶನಿವಾರ ಮತ್ತೆ ಬಂದು ಕುಳಿತರು, ಪೊಲೀಸರು ಮತ್ತೆ ಬಂದು ಎತ್ತಿಹಾಕಿಕೊಂಡು ಹೋದರು. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಬಂಧನ. ಸಂತೆಗೆ ಸೊಪ್ಪು ಕೊಳ್ಳಲು ಬಂದವರು ತಮ್ಮ ಪರಿಚಯದ ಹುಡುಗನನ್ನು ವ್ಯಾನಿಗೆ ತುಂಬುವುದನ್ನು ಕಣ್ಣಾರೆ ಕಂಡರು.

ನಿಕ್ ಟೂನೆನ್ ಎಂಬವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟು 1994ರಲ್ಲಿ ಗೆದ್ದರು. 1997ರಲ್ಲಿ ಟಾಸ್ಮೇನಿಯಾ ಆ ಕಾನೂನನ್ನು ಕೈಬಿಟ್ಟಿತು, ದೇಶದಲ್ಲೇ ಎಲ್ಲರಿಗಿಂತ ಕೊನೆಗೆ. ದಕ್ಷಿಣ ಆಸ್ಟ್ರೇಲಿಯಾ ಇದೇ ಕೆಲಸವನ್ನು 1975ರಲ್ಲೇ ಮುಗಿಸಿತ್ತು. ಆದರೆ 2017ರ ಸಮೀಕ್ಷೆಯಲ್ಲಿ ಟಾಸ್ಮೇನಿಯಾದ ಹೌದು ಶೇ 63.6, ದಕ್ಷಿಣ ಆಸ್ಟ್ರೇಲಿಯಾದ್ದು ಶೇ 62.5. ಹತ್ತು ವರ್ಷ ಮನೆಮನೆಯಲ್ಲಿ, ಪತ್ರಿಕೆಯಲ್ಲಿ, ಸಂತೆಯಲ್ಲಿ ಜಗಳವಾಡಿದ ಊರು, ಮೊದಲೇ ಕಾನೂನು ಬದಲಿಸಿಕೊಂಡ ಊರನ್ನು ಇಪ್ಪತ್ತು ವರ್ಷಗಳಲ್ಲಿ ಹಿಂದೆ ಹಾಕಿತು. ಜಗಳಕ್ಕೂ ಒಂದು ಪ್ರಯೋಜನವಿದೆ. ಅದು ವಿಷಯವನ್ನು ಬಚ್ಚಿಡಲು ಬಿಡುವುದಿಲ್ಲ.

ವಯಸ್ಸು, ಹೆಣ್ಣು ಗಂಡು ಎಂಬ ವ್ಯತ್ಯಾಸ ಎಷ್ಟು ಕೆಲಸ ಮಾಡಿತು?

ಯಾರು ಹಾಳೆ ಕಳುಹಿಸಿದರು ಎಂಬುದು ಗೊತ್ತು, ಅದರಲ್ಲಿ ಏನಿತ್ತು ಎಂಬುದು ವಯಸ್ಸುವಾರು ಪ್ರಕಟವಾಗಿಲ್ಲ. ಹೆಂಗಸರಲ್ಲಿ ಶೇ 81.6, ಗಂಡಸರಲ್ಲಿ ಶೇ 77.3 ಮಂದಿ ಭಾಗವಹಿಸಿದರು. 70ರಿಂದ 74ರ ವಯೋಮಾನದವರು ಎಲ್ಲರಿಗಿಂತ ಮುಂದೆ. 18, 19ರ ಹುಡುಗರು ಇಪ್ಪತ್ತರಿಂದ ಮೂವತ್ತರೊಳಗಿನವರಿಗಿಂತ ಚುರುಕಾಗಿದ್ದರು. ಹಿರಿಯರೇ ಅತಿ ಹೆಚ್ಚು ಭಾಗವಹಿಸಿಯೂ ಹೌದು ಇಷ್ಟು ದೊಡ್ಡ ಅಂತರದಿಂದ ಗೆದ್ದಿದೆ ಎಂದರೆ ಹಿರಿಯರೆಲ್ಲ ಒಂದೇ ಗುಂಪಲ್ಲ.

ಇದೇ ಎಚ್ಚರಿಕೆ ಇಡೀ ಪಟ್ಟಿಗೂ ಅನ್ವಯಿಸುತ್ತದೆ. ಕ್ಷೇತ್ರದ ಸರಾಸರಿಯಿಂದ ಅಲ್ಲಿನ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಬರುವಂತಿಲ್ಲ. ಅಷ್ಟು ವಿರೋಧ ಕಂಡ ಬ್ಲಾಕ್ಸ್‌ಲ್ಯಾಂಡ್‌ನಲ್ಲೂ ನಾಲ್ವರಲ್ಲಿ ಒಬ್ಬರು ಹೌದೆಂದಿದ್ದಾರೆ.

ಬೇರೆ ದೇಶಗಳಲ್ಲೂ ಹೀಗೆ ಒಡಕು ಕಂಡಿತೇ?

ಐರ್ಲೆಂಡ್ 2015ರ ಮೇ 22ರಂದು ಇದೇ ಪ್ರಶ್ನೆಗೆ ಜನಮತಗಣನೆ ನಡೆಸಿತು. ಹೌದು ಶೇ 62, ಆಸ್ಟ್ರೇಲಿಯಾದಷ್ಟೇ. ಆದರೆ 43 ಕ್ಷೇತ್ರಗಳಲ್ಲಿ ಇಲ್ಲ ಎಂದದ್ದು ರಾಸ್‌ಕಾಮನ್ ಮತ್ತು ದಕ್ಷಿಣ ಲೀಟ್ರಿಮ್ ಸೇರಿದ ಒಂದೇ ಒಂದು. ಅಲ್ಲಿನ ಪ್ರಚಾರದ ಮುಂಚೂಣಿಯಲ್ಲಿ ಸಲಿಂಗಿಗಳ ತಂದೆತಾಯಿಯರೂ ಅಜ್ಜಿ ತಾತಂದಿರೂ ಇದ್ದರು. ಸ್ವಿಟ್ಜರ್ಲೆಂಡಿನಲ್ಲಿ 2021ರ ಸೆಪ್ಟೆಂಬರ್ 26ರಂದು ಶೇ 64.1 ಹೌದು, ಒಂದು ಕ್ಯಾಂಟನ್ (ಪ್ರಾಂತ) ಕೂಡ ಇಲ್ಲ ಎನ್ನಲಿಲ್ಲ. ಈ ಎರಡೂ ದೇಶಗಳಲ್ಲಿ ಮತ ಹಾಕಿದವರ ನಡುವೆ ಮದುವೆಯ ತಿಳಿವಳಿಕೆ ಬಹುಮಟ್ಟಿಗೆ ಸಮಾನವಾಗಿತ್ತು. ಸಿಡ್ನಿಯಲ್ಲಿ ಹಾಗಿರಲಿಲ್ಲ.

ಇಲ್ಲ ಎಂದ ಕ್ಷೇತ್ರಗಳ ಸಂಸದರು ಏನು ಮಾಡಿದರು?

ಡಿಸೆಂಬರ್ 7ರಂದು ಕೆಳಮನೆ ಸಲಿಂಗ ವಿವಾಹದ ಮಸೂದೆಯನ್ನು ಅಂಗೀಕರಿಸಿದಾಗ ಅದರ ವಿರುದ್ಧ ನಿಂತವರು ನಾಲ್ವರೇ. ಅವರಲ್ಲಿ ಮಾರನೋವಾದ ಡೇವಿಡ್ ಲಿಟ್ಲ್‌ಪ್ರೌಡ್ ಮತ್ತು ಕೆನಡಿಯ ಬಾಬ್ ಕ್ಯಾಟರ್ ತಮ್ಮ ಕ್ಷೇತ್ರದ ಮಾತಿನಂತೆ ನಡೆದರು. ಉಳಿದಿಬ್ಬರ ಕ್ಷೇತ್ರಗಳು ಹೌದೆಂದಿದ್ದವು! ಅಬಟ್ ಮತದಾನದ ಹೊತ್ತಿಗೆ ಹೊರನಡೆದರು. ಮುಂದೆ ಪ್ರಧಾನಿಯಾದ ಸ್ಕಾಟ್ ಮಾರಿಸನ್ ಕೂಡ ಮತ ಹಾಕಲಿಲ್ಲ. ಪಶ್ಚಿಮ ಸಿಡ್ನಿಯ ಲೇಬರ್ ನಾಯಕರು ದೇಶದ ಒಟ್ಟು ತೀರ್ಪಿಗೆ ತಲೆಬಾಗುತ್ತೇವೆಂದು ಪರವಾಗಿ ನಿಂತರು. ಮುಂದಿನ ಚುನಾವಣೆಯಲ್ಲಿ ಕ್ಲೇರ್, ಬರ್ಕ್, ಬೋವೆನ್ ಮೂವರೂ ಮತ್ತೆ ಗೆದ್ದರು.

ಈಗಲಾದರೂ ಪಶ್ಚಿಮ ಸಿಡ್ನಿ ಬದಲಾಗಿದೆಯೇ?

2024ರ ಮೇ ತಿಂಗಳಿನಲ್ಲಿ, ಆಬರ್ನ್, ಮೆರಿಲ್ಯಾಂಡ್ಸ್, ವೆಂಟ್‌ವರ್ತ್‌ವಿಲ್ ಸೇರಿದ ಕಂಬರ್‌ಲ್ಯಾಂಡ್ ನಗರಸಭೆಯಲ್ಲಿ ಒಂದು ಪ್ರಸಂಗ ನಡೆಯಿತು. ಸಲಿಂಗಿ ತಂದೆತಾಯಿಯರ ಕುರಿತ ಮಕ್ಕಳ ಪುಸ್ತಕಗಳನ್ನು ತನ್ನ ಗ್ರಂಥಾಲಯಗಳಿಂದ ತೆಗೆಯಬೇಕೆಂದು ಸಭೆ ಅಲ್ಪ ಬಹುಮತದಿಂದ ನಿರ್ಣಯಿಸಿತು. ದೇಶದಾದ್ಯಂತ ಗದ್ದಲವೆದ್ದಿತು, ರಾಜ್ಯ ಸರ್ಕಾರ ಗ್ರಂಥಾಲಯದ ಅನುದಾನದ ಮಾತೆತ್ತಿತು. ಎರಡು ವಾರಗಳಲ್ಲಿ ಅದೇ ಸಭೆ ನಿರ್ಣಯವನ್ನು ದೊಡ್ಡ ಬಹುಮತದಿಂದ ಹಿಂತೆಗೆದುಕೊಂಡಿತು. ಆ ದಿನ ಸಭಾಂಗಣದ ಹೊರಗೆ ಎರಡೂ ಕಡೆಯವರು ಫಲಕ ಹಿಡಿದು ನಿಂತಿದ್ದರು, ಪೊಲೀಸರು ನಡುವೆ.

ಮೊದಲ ನಿರ್ಣಯವನ್ನಷ್ಟೇ ನೋಡಿ ಏನೂ ಬದಲಾಗಿಲ್ಲ ಎನ್ನುವವರಿದ್ದಾರೆ. ನನಗೆ ಕಂಡದ್ದು ಬೇರೆ: ಪುಸ್ತಕ ಉಳಿಯಲಿ ಎಂದು ಬಂದವರಲ್ಲಿ ಅದೇ ಬಡಾವಣೆಗಳ ನಿವಾಸಿಗಳಿದ್ದರು. ಊರಿನ ವಾದವನ್ನು ಊರಿನವರೇ ಆಡತೊಡಗಿದ್ದಾರೆ.

ದೇಶದ ಮಟ್ಟದಲ್ಲಿ ವಿವಾದ ಹೆಚ್ಚುಕಡಿಮೆ ಮುಗಿದಿದೆ. 2018ರಲ್ಲಿ 6,538 ಸಲಿಂಗ ವಿವಾಹಗಳು ನೋಂದಣಿಯಾದವು. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ಶೇ 75ರಷ್ಟು ಆಸ್ಟ್ರೇಲಿಯನ್ನರು ಇದರ ಪರವಿದ್ದರು. ಅದೇ ಸಮೀಕ್ಷೆಯಲ್ಲಿ ಭಾರತದ ಅಂಕಿ ಶೇ 53 ಎಂಬುದು ನಮ್ಮಲ್ಲಿ ಅನೇಕರು ನಂಬದ ಸಂಗತಿ.

ಇಂಥ ವಿಷಯವನ್ನು ಜನರ ಮತಕ್ಕೆ ಹಾಕಿದ್ದು ಸರಿಯೇ?

ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಕ್ಕದ ಮನೆಯವರು ತಮ್ಮ ಬಾಳಿಗೆ ಅಂಕ ಹಾಕುವುದನ್ನು ಎರಡು ತಿಂಗಳು ಕಾಯುವುದು ಯಾರಿಗೂ ಹಿತವಲ್ಲ. ಸಂಸತ್ತಿಗೆ ಅಧಿಕಾರ ಮೊದಲಿನಿಂದಲೂ ಇತ್ತು. ಸುಮಾರು 8 ಕೋಟಿ ಡಾಲರ್ ಖರ್ಚು ಮಾಡಿ ಅದಕ್ಕೆ ಧೈರ್ಯ ತುಂಬಬೇಕಾಯಿತು. ಆದರೂ ಗೆಲುವಿನ ನಂತರ ಸೋತವರು ನ್ಯಾಯಾಧೀಶರು ಹೇರಿದರು ಎಂದು ದೂರಲು ಆಗಲಿಲ್ಲ ಎಂಬುದನ್ನು ಒಪ್ಪಬೇಕು.

ಭಾರತೀಯ ನಾಗರಿಕರು ಅಲ್ಲಿ ಸಲಿಂಗ ವಿವಾಹವಾದರೆ ಇಲ್ಲಿ ಮಾನ್ಯವೇ?

ಅಲ್ಲಿ ಮದುವೆಯಾಗಲು ಆಸ್ಟ್ರೇಲಿಯಾದ ಪೌರತ್ವ ಬೇಕಿಲ್ಲ. ಕನಿಷ್ಠ ಒಂದು ತಿಂಗಳು ಮುಂಚೆ ಸೆಲೆಬ್ರಂಟ್ ಅವರಿಗೆ ನೋಟಿಸ್ ಕೊಟ್ಟರಾಯಿತು. ಆದರೆ ಭಾರತದ ಕಾನೂನು ಆ ಮದುವೆಯನ್ನು ಗುರುತಿಸುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ದಂಡಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟಿತಾದರೂ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ ಎಂದರು. ಸಹಬಾಳ್ವೆಗೆ ಕಾನೂನಿನ ಮನ್ನಣೆ ಕೊಡಬೇಕೇ ಎಂಬುದರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತರು. ವಿಷಯ ಈಗ ನಮ್ಮ ಸಂಸತ್ತಿಗೆ ಬಿಟ್ಟದ್ದು. ಹೀಗಾಗಿ ಸಿಡ್ನಿಯಲ್ಲಿ ಗಂಡ ಗಂಡ, ಹೆಂಡತಿ ಹೆಂಡತಿ ಎಂದು ದಾಖಲೆ ಇರುವ ಜೋಡಿ ಬೆಂಗಳೂರಿನಲ್ಲಿ ಇಳಿದ ಮೇಲೆ ಬ್ಯಾಂಕಿನ ಜಂಟಿ ಖಾತೆ, ಉಯಿಲು, ಆಸ್ಪತ್ರೆಗೆ ಬೇಕಾದ ಅಧಿಕಾರಪತ್ರ ಇವನ್ನೆಲ್ಲ ಒಂದೊಂದಾಗಿ ಬೇರೆ ಮಾಡಿಸಿಕೊಳ್ಳಬೇಕು. ಹೊರಡುವ ಮೊದಲೇ ವಕೀಲರೊಬ್ಬರನ್ನು ಕಾಣುವುದು ಒಳ್ಳೆಯದು.